ಚಳಿ ಇಳಿಜಾರು ಹಿಡಿದು ಇಳಿಯುತ್ತದೆ: ಬೆಟ್ಟದೂರಿನ ಚಳಿಗಾಲವನ್ನು ಓದುವ ಬಗೆ

ಹಿಮ ಬೀಳುವ ಬೆಟ್ಟನಾಡಿನ ಹಳ್ಳಿಯೊಂದರ ಚಳಿಗಾಲದ ಚಿತ್ರವನ್ನು ಕಣ್ಣೆದುರು ತಂದುಕೊಳ್ಳಿ. ಕೆಳಗೆ ಮಟ್ಟಸವಾದ ಕಣಿವೆ, ಅದರ ನಡುವೆ ಹೊಳೆ. ಎರಡೂ ಬದಿಗೆ ಏರುವ ಗುಡ್ಡ. ಒಂದು ಬದಿಯಲ್ಲಿ ಕಪ್ಪಗೆ ಕಾಡು, ಇನ್ನೊಂದು ಬದಿಯಲ್ಲಿ ಬೆಳ್ಳಗೆ ಹೊಲಗಳು, ಹೊಲಗಳ ಸುತ್ತ ಕಲ್ಲುಗೋಡೆ. ಮನೆಗಳು ಮಾತ್ರ ಕಣಿವೆಯ ಮಟ್ಟಸ ನೆಲ ಬಿಟ್ಟು ಸ್ವಲ್ಪ ಮೇಲೆ, ಇಳಿಜಾರಿನ ಹೆಗಲಿನಲ್ಲಿ ಒತ್ತೊತ್ತಾಗಿ ಕೂತಿವೆ. ನೀರು ಕೆಳಗಿದೆ, ದಾರಿ ಕೆಳಗಿದೆ, ಕಟ್ಟಲು ಸಲೀಸಾದ ಜಾಗವೂ ಕೆಳಗೇ ಇದೆ. ಹಾಗಿದ್ದೂ ಮೇಲೆ ಕಟ್ಟಿದ್ದೇಕೆ?

ಹೊಳೆಯ ನೆರೆಯ ಭಯ ಒಂದು ಕಾರಣ. ಚಳಿಗಾಲ ಕೊಡುವ ಕಾರಣಗಳು ಅದಕ್ಕಿಂತ ಸ್ವಾರಸ್ಯದವು. ರಾತ್ರಿ ಹೊತ್ತು ಚಳಿ ನೀರಿನ ಹಾಗೆ ಇಳಿಜಾರು ಹಿಡಿದು ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಗಲು ಹೊತ್ತು ಒಂದೇ ಸೂರ್ಯ ಒಂದು ಗುಡ್ಡಕ್ಕೆ ಬಿಸಿಲು ಕೊಟ್ಟು ಎದುರಿನ ಗುಡ್ಡಕ್ಕೆ ಕೈಕೊಡುತ್ತಾನೆ. ಗಾಳಿಯಂತೂ ಹಿಮವನ್ನು ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ಸುರಿಯುತ್ತಲೇ ಇರುತ್ತದೆ. ಊರಿನ ಜಾಗ, ಮಾಡಿನ ಓರೆ, ಬಾಗಿಲಿನ ದಿಕ್ಕು, ಗೋಡೆಯಲ್ಲಿ ಬಿಟ್ಟ ಕಂಡಿ, ಇವೆಲ್ಲಕ್ಕೂ ಉತ್ತರ ಈ ಮೂರರಲ್ಲಿ ಎಲ್ಲೋ ಒಂದು ಕಡೆ ಸಿಗುತ್ತದೆ.

ರಾತ್ರಿ ಕಣಿವೆ ತುಂಬುವ ಬಗೆ

ಒಂದು ಕಿಲೋಮೀಟರ್ ಮೇಲೆ ಹೋದರೆ ಗಾಳಿ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಸರಾಸರಿಯಾಗಿ ಅದು ಸರಿಯೇ. ಆದರೆ ಮೋಡವಿಲ್ಲದ, ಗಾಳಿಯಾಡದ ಚಳಿಗಾಲದ ರಾತ್ರಿಯಲ್ಲಿ ಬೆಟ್ಟದಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತದ್ವಿರುದ್ಧ.

ಮೊದಲು ತಣ್ಣಗಾಗುವುದು ನೆಲ. ಹಗಲು ಕುಡಿದ ಶಾಖವನ್ನು ಅದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದರಲ್ಲಿ ಸಾಕಷ್ಟು ಪಾಲು ಕಂಬಳಿ ಹೊದ್ದ ಹಾಗೆ ಹಿಂದಕ್ಕೆ ಬರುತ್ತದೆ. ಬಾನು ತಿಳಿಯಾಗಿದ್ದರೆ ಹೋದದ್ದು ಹೋಯಿತು. ನೆಲದ ಮೇಲೆ ಹಿಮ ಹಾಸಿದ್ದರೆ ಕೆಲಸ ಇನ್ನೂ ಕೆಟ್ಟಿತು. ಹೊಸ ಹಿಮ ಹಗಲಿನ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90 ಪಾಲನ್ನು ಮುಟ್ಟಿಸಿಕೊಳ್ಳದೆ ವಾಪಸು ಕಳಿಸುತ್ತದೆ. ರಾತ್ರಿ ಶಾಖ ಬಿಡುವುದರಲ್ಲಿ ಮಾತ್ರ ಅದೇ ಹಿಮ ಕಪ್ಪು ಕಲ್ಲಿನಷ್ಟೇ ಚುರುಕು. ಜೊತೆಗೆ ಹೊಸ ಹಿಮದ ಗಾತ್ರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುವುದರಿಂದ ಅಡಿಯ ಮಣ್ಣಿನ ಬಿಸುಪು ಮೇಲಕ್ಕೆ ಬರುವ ಹಾಗೂ ಇಲ್ಲ. ದಪ್ಪ ಹಿಮದಡಿಯ ಮಣ್ಣು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಹಾಯಾಗಿರುವಾಗ, ಅರ್ಧ ಮೀಟರ್ ಮೇಲೆ ಹಿಮದ ಹೊರಮೈ ಮೈನಸ್ 20ಕ್ಕೆ ಇಳಿದಿರಬಹುದು.

ಆ ಹೊರಮೈಗೆ ತಾಗಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ತೂಕವಾಗುತ್ತದೆ. ಸಮುದ್ರಮಟ್ಟದ ಒತ್ತಡದಲ್ಲಿ 5 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 1.27 ಕಿಲೋ ತೂಗಿದರೆ, ಮೈನಸ್ 5 ಡಿಗ್ರಿಯದು 1.32 ಕಿಲೋ. ವ್ಯತ್ಯಾಸ 50 ಗ್ರಾಮ್ ಅಷ್ಟೇ. ಬಯಲಿನಲ್ಲಿ ಈ 50 ಗ್ರಾಮ್‌ನಿಂದ ಏನೂ ಆಗುವುದಿಲ್ಲ, ತಣ್ಣನೆ ಗಾಳಿ ಇದ್ದಲ್ಲೇ ಕೂರುತ್ತದೆ. ಇಳಿಜಾರಿನಲ್ಲಿ ಮಾತ್ರ ಅದು ಜಾರತೊಡಗುತ್ತದೆ. ಹರಿವಿನ ದಪ್ಪ ಕೆಲವು ಮೀಟರ್‌ನಿಂದ ಕೆಲವು ಹತ್ತು ಮೀಟರ್‌ವರೆಗೆ. ವೇಗ ನಾವು ನಡೆಯುವಷ್ಟು, ಸೆಕೆಂಡಿಗೆ ಒಂದೆರಡು ಮೀಟರ್. ಸಂಜೆ ಬಿಸಿಲು ಸರಿದ ಅರ್ಧ ಗಂಟೆಯಲ್ಲೇ ಇದು ಶುರುವಾಗಬಹುದು. ಹೊಗೆಯಾಡುವ ಕಡ್ಡಿಯೊಂದನ್ನು ಮೊಣಕಾಲೆತ್ತರದಲ್ಲಿ ಹಿಡಿದರೆ ಸಾಕು, ಹೊಗೆ ಮೇಲೇಳದೆ ಇಳಿಜಾರಿನ ಕಡೆಗೆ ಬಾಗಿ ಹರಿಯುವುದು ಕಾಣುತ್ತದೆ. ಅದೇ ಕಡ್ಡಿಯನ್ನು ತಲೆಯ ಮೇಲೆತ್ತಿ ಹಿಡಿದಾಗ ಹೊಗೆ ನೆಟ್ಟಗೆ ಹೋದರೆ, ಆ ಹೊತ್ತಿಗೆ ಹರಿವು ಇನ್ನೂ ತೆಳ್ಳಗಿದೆ ಎಂದರ್ಥ.

ಈ ಗಾಳಿಯ ನಡತೆಯೆಲ್ಲ ಮಂದವಾದ ದ್ರವದ್ದು. ಹಳ್ಳ ಕೊರಕಲುಗಳನ್ನು ಹಿಡಿದು ಇಳಿಯುತ್ತದೆ, ಎರಡು ಕೊರಕಲು ಸೇರುವಲ್ಲಿ ದಪ್ಪವಾಗುತ್ತದೆ, ಅಡ್ಡ ಏನಾದರೂ ಸಿಕ್ಕಿದರೆ ಅದರ ಹಿಂದೆ ಕಟ್ಟಿಕೊಳ್ಳುತ್ತದೆ. ರಸ್ತೆಗೆಂದು ಎತ್ತರಿಸಿದ ಏರಿ, ಒತ್ತಾಗಿ ಬೆಳೆದ ಬೇಲಿ, ಇಳಿಜಾರಿಗೆ ಅಡ್ಡವಾಗಿ ಕಟ್ಟಿದ ಕಲ್ಲುಗೋಡೆ, ಎಲ್ಲವೂ ಅದಕ್ಕೆ ಅಣೆಕಟ್ಟೇ. ಹಣ್ಣಿನ ತೋಟ ಮಾಡುವವರು ಆಗಾಗ ಎಡವುವುದು ಇಲ್ಲೇ. ಗಾಳಿ ತಡೆಯಲೆಂದು ತೋಟದ ಕೆಳ ಅಂಚಿಗೆ ದಟ್ಟ ಬೇಲಿ ಬೆಳೆಸುತ್ತಾರೆ. ರಾತ್ರಿ ಇಳಿದ ಚಳಿ ಹೊರಗೆ ಹೋಗಲು ದಾರಿಯಿಲ್ಲದೆ ತೋಟದೊಳಗೇ ಎದೆಮಟ್ಟ ನಿಂತು ಮೊಗ್ಗು ಕರಟುತ್ತದೆ. ದಟ್ಟ ಬೇಲಿ ಇರಬೇಕಾದದ್ದು ಮೇಲಿನ ಅಂಚಿನಲ್ಲಿ, ಬರುವ ಚಳಿಯನ್ನು ಪಕ್ಕಕ್ಕೆ ತಿರುಗಿಸುವ ಹಾಗೆ ಸ್ವಲ್ಪ ಓರೆಯಾಗಿ. ಕೆಳ ಅಂಚು ತೆರೆದಿರಬೇಕು, ಕನಿಷ್ಠ ಅತಿ ತಗ್ಗಿನ ಮೂಲೆಯಲ್ಲಾದರೂ.

ಬೆಳಗಿನ ಜಾವಕ್ಕೆ ಲೆಕ್ಕ ಹೀಗಿರಬಹುದು: ಕಣಿವೆಯ ತಳದಲ್ಲಿ ಮೈನಸ್ 15, ಇಳಿಜಾರಿನ ನಡುವೆ ಮೈನಸ್ 5, ನೆತ್ತಿಯಲ್ಲಿ ಮೈನಸ್ 8. ಅಂಕಿಗಳು ಉದಾಹರಣೆಗೆ ಮಾತ್ರ. ಕ್ರಮ ಮಾತ್ರ ಬೆಟ್ಟನಾಡಿನ ಎಲ್ಲ ಕಡೆಯದು. ಕೆಳಗೆ ತಣ್ಣಗೆ, ಮೇಲೆ ಬೆಚ್ಚಗೆ ಇರುವ ಈ ತಲೆಕೆಳಗು ಸ್ಥಿತಿಗೆ ಉಷ್ಣತೆಯ ವಿಲೋಮ, ಅಂದರೆ ಇನ್ವರ್ಶನ್, ಎನ್ನುತ್ತಾರೆ. ತಳದ ಚಳಿಯ ಕೊಳಕ್ಕೂ ನೆತ್ತಿಯ ಗಾಳಿಗೂ ಸಿಗದೆ ನಡುವೆ ಉಳಿಯುವ ಬೆಚ್ಚನೆ ಪಟ್ಟಿಯಲ್ಲೇ ಆ ಊರು ಕೂತಿರುವುದು. ಹಣ್ಣಿನ ಮರಗಳೂ ಅಲ್ಲೇ ಇರುತ್ತವೆ.

ಸುತ್ತಲೂ ದಿಣ್ಣೆಯಿದ್ದು ಹೊರಹೋಗಲು ಬಾಯಿಯೇ ಇಲ್ಲದ ತಗ್ಗುಗಳಲ್ಲಿ ಇದು ಅತಿರೇಕಕ್ಕೆ ಹೋಗುತ್ತದೆ. ಸುಣ್ಣಕಲ್ಲಿನ ಬೆಟ್ಟಗಳಲ್ಲಿ ನೆಲ ಕುಸಿದು ಬಟ್ಟಲಿನಂಥ ಗುಂಡಿಗಳಾಗುತ್ತವೆ. ನೀರು ಬಿರುಕುಗಳಲ್ಲಿ ಇಂಗಿಹೋಗುತ್ತದೆ, ಚಳಿಗೆ ಹೋಗಲು ಜಾಗವಿಲ್ಲ. ಆಸ್ಟ್ರಿಯಾದ ಗ್‌ಸ್ಟೆಟ್ನರಾಲ್ಮ್ ಎಂಬ ಅಂಥ ಗುಂಡಿಯಲ್ಲಿ 1932ರಲ್ಲಿ ಮೈನಸ್ 52.6 ಡಿಗ್ರಿ ದಾಖಲಾಯಿತು. ಅದು ಇರುವುದು ಸುಮಾರು 1,270 ಮೀಟರ್ ಎತ್ತರದಲ್ಲಿ, ಆಲ್ಪ್ಸ್ ಲೆಕ್ಕದಲ್ಲಿ ಏನೇನೂ ಅಲ್ಲದ ಎತ್ತರ. ಅಮೆರಿಕದ ಯೂಟಾದ ಪೀಟರ್ ಸಿಂಕ್ಸ್‌ನಲ್ಲಿ 1985ರ ಫೆಬ್ರುವರಿ 1ರಂದು ಮೈನಸ್ 56.3 ಮುಟ್ಟಿತು. ಇಂಥ ಗುಂಡಿಗಳಲ್ಲಿ ಕಾಡು ಕೂಡ ತಲೆಕೆಳಗು: ಅಂಚಿನಲ್ಲಿ ಎತ್ತರದ ಮರಗಳು, ಇಳಿಯುತ್ತಾ ಹೋದಂತೆ ಕುಳ್ಳು ಪೊದೆ, ತಳದಲ್ಲಿ ಬರೀ ಹುಲ್ಲು. ಸಾಮಾನ್ಯವಾಗಿ ಬೆಟ್ಟ ಹತ್ತುತ್ತಾ ಕಾಣಬೇಕಾದ ಸಾಲು ಇಲ್ಲಿ ಇಳಿಯುತ್ತಾ ಕಾಣುತ್ತದೆ. ಥರ್ಮಾಮೀಟರ್ ಇಲ್ಲದೆಯೇ ಚಳಿಯ ಗುಂಡಿಯನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹೊಗೆಯ ಮುಚ್ಚಳ

ಈ ಚಳಿಯ ಕೊಳಕ್ಕೆ ಮೇಲ್ಮಟ್ಟವೊಂದಿದೆ, ಅದನ್ನು ಕಣ್ಣಾರೆ ನೋಡಬಹುದು. ಬೆಳಿಗ್ಗೆ ಊರಿನ ಹೊಗೆಗೂಡುಗಳಿಂದ ಏಳುವ ಹೊಗೆ ಸ್ವಲ್ಪ ಎತ್ತರ ಹೋಗಿ, ಚಾವಣಿಗೆ ತಾಗಿದ ಹಾಗೆ ನಿಂತು, ಅಡ್ಡಡ್ಡ ಹಾಳೆಯಂತೆ ಹರಡಿಕೊಳ್ಳುತ್ತದೆ. ಹೊಗೆ ಸುತ್ತಲ ಗಾಳಿಗಿಂತ ಬೆಚ್ಚಗಿರುವವರೆಗೆ ಮಾತ್ರ ಏರುತ್ತದೆ. ಮೇಲಿನ ಪದರವೇ ಬೆಚ್ಚಗಿದ್ದರೆ ಅದರ ಏರಿಕೆ ಅಲ್ಲಿಗೆ ಮುಗಿಯಿತು. ತಳದಲ್ಲಿ ತೇವ ಸಾಕಷ್ಟಿದ್ದರೆ ಇದೇ ಕೊಳ ಮಂಜಾಗಿ ತುಂಬಿ, ಮೇಲಿನ ಊರಿನಿಂದ ನೋಡುವವರಿಗೆ ಬಿಳಿಯ ಕಡಲಿನ ಹಾಗೆ ಕಾಣುತ್ತದೆ. ಫೋಟೊ ತೆಗೆಯುವವರು ಹೊತ್ತಿಗೆ ಮುಂಚೆ ಎದ್ದು ಹೋಗುವುದು ಇದಕ್ಕೇ. ತಳದಲ್ಲಿ ಇರುವವರಿಗೆ ಅದು ದಿನಗಟ್ಟಲೆ ಸೂರ್ಯನನ್ನು ಕಾಣದ ಬೂದು ಬಣ್ಣ.

ಮಾಮೂಲು ದಿನಗಳಲ್ಲಿ ಬಿಸಿಲು ಮೊದಲು ಮೇಲಿನ ಇಳಿಜಾರಿಗೆ ಬೀಳುತ್ತದೆ, ಅಲ್ಲಿನ ಗಾಳಿ ಬಿಸಿಯಾಗಿ ಗುಡ್ಡದ ಮೈ ಹಿಡಿದು ಏರುತ್ತದೆ, ಕೊಳ ಮೇಲಿನಿಂದಲೂ ಅಂಚಿನಿಂದಲೂ ಸವೆಯುತ್ತಾ ಮಧ್ಯಾಹ್ನದ ಹೊತ್ತಿಗೆ ಒಡೆಯುತ್ತದೆ. ನಡುಚಳಿಗಾಲದಲ್ಲಿ ಬಿಸಿಲಿಗೆ ಆ ತ್ರಾಣ ಇರುವುದಿಲ್ಲ. ನೆಲದ ಹಿಮ ಇದ್ದಬದ್ದ ಬಿಸಿಲನ್ನೂ ಹಿಂದಕ್ಕೆ ಕಳಿಸುತ್ತದೆ. ಆಗ ಮುಚ್ಚಳ ನಾಲ್ಕೈದು ದಿನ ತೆರೆಯದೇ ಇರಬಹುದು. ಊರೆಲ್ಲ ಸೌದೆ ಉರಿಸಿದ ಹೊಗೆ ಅದರಡಿಯಲ್ಲೇ ಕೂಡಿಬೀಳುತ್ತದೆ. ಸೌದೆಯ ತೇವ 20 ಪ್ರತಿಶತಕ್ಕಿಂತ ಕಡಿಮೆ ಇರಬೇಕು ಎನ್ನುವ ನಿಯಮ ಇಂಥ ದಿನಗಳಲ್ಲಿ ಲೆಕ್ಕಕ್ಕೆ ಬರುತ್ತದೆ: ಹಸಿ ಸೌದೆಯ ಉರಿಯ ಒಂದು ಪಾಲು ಅದರೊಳಗಿನ ನೀರನ್ನು ಒಣಗಿಸಲು ಹೋಗಿ, ಒಲೆ ತಣ್ಣಗೆ ಉರಿದು, ಅರೆಬೆಂದ ಟಾರು ಹೊಗೆಯಾಗಿ ಹೊರಬರುತ್ತದೆ. ಹೊರಗೋಡೆಗೆ ಅಂಟಿಸಿ ಕಟ್ಟಿದ ಹೊಗೆಗೂಡಾದರೆ ಇನ್ನೊಂದು ತಕರಾರು. ರಾತ್ರಿಯಿಡೀ ತಣಿದ ಗಾಳಿ ಅದರೊಳಗೆ ಬಿರಡೆಯಂತೆ ಕೂತಿರುತ್ತದೆ, ಬೆಳಿಗ್ಗೆ ಒಲೆ ಹಚ್ಚಿದರೆ ಹೊಗೆ ಕೋಣೆಗೇ ತಿರುಗುತ್ತದೆ. ಮೊದಲು ಒಂದೆರಡು ಕಾಗದದ ಸುರುಳಿಯನ್ನು ಹೊಗೆಗೂಡಿನ ಬಾಯಲ್ಲಿ ಉರಿಸಿ ಆ ಬಿರಡೆಯನ್ನು ಎಬ್ಬಿಸಿ, ಆಮೇಲೆ ಸೌದೆ ಇಡಬೇಕು. ಕೋಣೆಯೊಳಗೆ ಹೊಗೆ ಬಂದಾಗ ಕಿಟಕಿ ಮುಚ್ಚಿಕೊಂಡು ಸುಮ್ಮನಿರುವುದು ಪ್ರಾಣಕ್ಕೆ ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬಿಸಿಲಿನ ಲೆಕ್ಕ

ಚಿತ್ರದಲ್ಲಿ ಒಂದು ಬದಿ ಕಾಡು, ಇನ್ನೊಂದು ಬದಿ ಊರು ಇತ್ತಲ್ಲ, ಅದಕ್ಕೆ ಉತ್ತರ ಸರಳ ಗಣಿತದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಮಧ್ಯಾಹ್ನ ಸೂರ್ಯ ದಿಗಂತದಿಂದ ಎಷ್ಟು ಮೇಲಿರುತ್ತಾನೆ ಎಂದು ತಿಳಿಯಲು 90ರಿಂದ ಆ ಜಾಗದ ಅಕ್ಷಾಂಶವನ್ನೂ 23.5ನ್ನೂ ಕಳೆಯಬೇಕು. ಆಲ್ಪ್ಸ್‌ನ ನಡುಭಾಗ, 46 ಡಿಗ್ರಿ ಉತ್ತರ ಎಂದಿಟ್ಟುಕೊಂಡರೆ ಉತ್ತರ 20.5 ಡಿಗ್ರಿ. ಮಟ್ಟಸ ನೆಲಕ್ಕೆ ಆಗ ಸಿಗುವುದು ನೇರ ಕಿರಣದಲ್ಲಿ ನೂರಕ್ಕೆ 35 ಪಾಲು ಮಾತ್ರ. ದಕ್ಷಿಣಕ್ಕೆ ಮುಖ ಮಾಡಿ 20 ಡಿಗ್ರಿ ಬಾಗಿದ ಇಳಿಜಾರಿಗೆ ಅದೇ ಕಿರಣ 65 ಪಾಲು ಸಿಗುತ್ತದೆ. ಉತ್ತರಕ್ಕೆ ಅಷ್ಟೇ ಬಾಗಿದ ಇಳಿಜಾರಿಗೆ ಒಂದು ಪಾಲೂ ಪೂರ್ತಿ ಸಿಗುವುದಿಲ್ಲ, ಬಿಸಿಲು ನೆಲವನ್ನು ಸವರಿಕೊಂಡು ಹೋಗುತ್ತದೆ ಅಷ್ಟೇ. ಒಂದೇ ಕಣಿವೆ, ಒಂದೇ ದಿನ, ಎದುರುಬದುರು ಎರಡು ಹವೆ. ದಕ್ಷಿಣಾರ್ಧ ಗೋಳದಲ್ಲಿ ದಿಕ್ಕು ಅದಲುಬದಲು ಮಾಡಿಕೊಳ್ಳಿ.

ಫ್ರೆಂಚರು ಬಿಸಿಲ ಮಗ್ಗುಲಿಗೆ ಅದ್ರೆ, ನೆರಳ ಮಗ್ಗುಲಿಗೆ ಉಬಾಕ್ ಎಂದು ಬೇರೆ ಬೇರೆ ಹೆಸರೇ ಇಟ್ಟುಕೊಂಡಿದ್ದಾರೆ. ಮನೆ, ಹೊಲ ಬಿಸಿಲ ಮಗ್ಗುಲಿಗೆ. ಸೌದೆ ಕೊಡುವ ಕಾಡು ನೆರಳ ಮಗ್ಗುಲಿಗೆ.

ನೆರಳು ಎಷ್ಟು ದೂರ ಬೀಳುತ್ತದೆ ಎನ್ನುವುದನ್ನೂ ನೋಡಿ. ಅದೇ 20.5 ಡಿಗ್ರಿಯ ಸೂರ್ಯನೆದುರು ಸಾವಿರ ಮೀಟರ್ ಎತ್ತರದ ಏಣು ಮಧ್ಯಾಹ್ನದಲ್ಲೂ ಸುಮಾರು 2.7 ಕಿಲೋಮೀಟರ್ ನೆರಳು ಚಾಚುತ್ತದೆ. ಕಣಿವೆ ಪೂರ್ವ ಪಶ್ಚಿಮವಾಗಿದ್ದು ಅದಕ್ಕಿಂತ ಕಿರಿದಾಗಿದ್ದರೆ ತಳದವರಿಗೆ ವಾರಗಟ್ಟಲೆ ಬಿಸಿಲೇ ಇಲ್ಲ. ಇಟಲಿಯ ವಿಗಾನೆಲ್ಲಾ ಊರಿಗೆ ನವೆಂಬರ್‌ನಿಂದ ಫೆಬ್ರುವರಿ ಮೊದಲ ದಿನಗಳವರೆಗೆ ಹಾಗಾಗುತ್ತದೆ; 2006ರಲ್ಲಿ ಅಲ್ಲಿನವರು ಎದುರಿನ ಗುಡ್ಡದ ಮೇಲೆ 8 ಮೀಟರ್ ಅಗಲ, 5 ಮೀಟರ್ ಎತ್ತರದ ಕನ್ನಡಿ ನಿಲ್ಲಿಸಿ ಊರ ಚೌಕಕ್ಕೆ ಬಿಸಿಲು ತಿರುಗಿಸಿಕೊಂಡರು. ನಾರ್ವೆಯ ರ‍್ಯೂಕಾನ್ ಪಟ್ಟಣಕ್ಕೆ ವರ್ಷದಲ್ಲಿ ಹೆಚ್ಚುಕಡಿಮೆ ಆರು ತಿಂಗಳು ನೇರ ಬಿಸಿಲಿಲ್ಲ. ಅಲ್ಲಿ 2013ರಲ್ಲಿ ಮೂರು ಕನ್ನಡಿ ಬಂದವು. ಕನ್ನಡಿಯಿಂದ ಊರು ಬೆಚ್ಚಗಾಗುವುದಿಲ್ಲ. ಬೆಳಕಿನ ಚೂರೊಂದರಲ್ಲಿ ನಿಲ್ಲಲು ಜಾಗ ಸಿಗುತ್ತದೆ, ಜನಕ್ಕೆ ಬೇಕಾದದ್ದೂ ಅದೇ.

ಬಿಸಿಲ ಮಗ್ಗುಲಿಗೂ ಅದರದೇ ಕಿರಿಕಿರಿ ಇದೆ. ಹಗಲು ಕರಗಿದ ಹಿಮ ಸಂಜೆ ಮತ್ತೆ ಹೆಪ್ಪುಗಟ್ಟಿ ಕಾಲುದಾರಿಯೆಲ್ಲ ಗಾಜಾಗುತ್ತದೆ. ನಡೆಯುವವರು ಹೆಚ್ಚು ಜಾರಿ ಬೀಳುವುದು ಬಿಸಿಲ ಮಗ್ಗುಲಿನಲ್ಲೇ, ನೆರಳ ಮಗ್ಗುಲಿನ ಪುಡಿ ಹಿಮದಲ್ಲಿ ಅಲ್ಲ.

ಗಾಳಿ ಎತ್ತಿ ಸುರಿಯುವ ಹಿಮ

ಆಕಾಶದಿಂದ ಎಷ್ಟು ಹಿಮ ಬಿತ್ತು ಎನ್ನುವುದಕ್ಕಿಂತ ಗಾಳಿ ಅದನ್ನು ಎಲ್ಲಿ ಬಿಟ್ಟಿತು ಎನ್ನುವುದು ಬೆಟ್ಟದೂರಿಗೆ ಮುಖ್ಯ. ಒಣ, ಸಡಿಲ ಹಿಮ ಸೆಕೆಂಡಿಗೆ ಐದಾರು ಮೀಟರ್ ಗಾಳಿಗೇ ನೆಲ ಬಿಟ್ಟು ಹೊರಡುತ್ತದೆ. ಗಾಳಿ ಎಲ್ಲಿ ನಿಧಾನವಾಗುತ್ತದೋ ಅಲ್ಲಿ ಹೊರೆ ಇಳಿಸುತ್ತದೆ: ಏಣಿನ ಆಚೆ ಬದಿ, ರಸ್ತೆ ಕಡಿದ ತಗ್ಗು, ಮನೆಯ ಹಿಂಬದಿ.

ಒಂಟಿ ಮನೆಯೊಂದನ್ನು ಮೇಲಿನಿಂದ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಗಾಳಿಗೆ ಎದುರಾದ ಗೋಡೆಯ ಬುಡದಲ್ಲಿ ಗಾಳಿ ಸುರುಳಿ ಸುತ್ತಿ ಹಿಮವನ್ನು ಕೆರೆದು ಕಂದಕ ಮಾಡಿರುತ್ತದೆ. ಅದರಾಚೆ ಕುದುರೆ ಲಾಳದ ಆಕಾರದ ದಿಬ್ಬ. ಗಾಳಿಗೆ ಸಮಾನಾಂತರವಾದ ಎರಡು ಪಕ್ಕದ ಗೋಡೆಗಳ ಬದಿ ಗುಡಿಸಿಟ್ಟ ಹಾಗಿರುತ್ತದೆ. ಮರೆಯ ಬದಿಯಲ್ಲಿ ಹಿಮ ಕಿಟಕಿಯವರೆಗೆ ಒಟ್ಟಿರುತ್ತದೆ. ಗಾಳಿಯಿಂದ ಮರೆಯಾಗಿರಲಿ ಎಂದು ಬಾಗಿಲನ್ನು ಹಿಂಬದಿಗೆ ಇಟ್ಟವರು ಪ್ರತಿ ಬಿರುಗಾಳಿಯ ಮರುದಿನ ಸಲಿಕೆ ಹಿಡಿಯಬೇಕು. ಬಾಗಿಲು ಪಕ್ಕದ ಗೋಡೆಯಲ್ಲಿದ್ದು ಒಳಕ್ಕೆ ತೆರೆದುಕೊಳ್ಳುವಂತಿದ್ದರೆ ಗಾಳಿಯೇ ಅಂಗಳ ಗುಡಿಸಿಕೊಡುತ್ತದೆ.

ರಸ್ತೆ ಪಕ್ಕ ಹೊಲದ ನಡುವೆ ನಿಂತ ಪಟ್ಟಿ ಬೇಲಿಗಳೂ ಇದೇ ತತ್ವದವು. ಅವು ಹಿಮವನ್ನು ತಡೆದು ನಿಲ್ಲಿಸುತ್ತವೆ ಎಂದುಕೊಂಡರೆ ತಪ್ಪು. ಗಾಳಿಯ ವೇಗ ಕುಗ್ಗಿಸಿ, ತಮ್ಮ ಹಿಂದೆ ಹಿಮ ಇಳಿಸುವ ಹಾಗೆ ಮಾಡುತ್ತವೆ. ಅದಕ್ಕೇ ಬೇಲಿಯಲ್ಲಿ ಅರ್ಧದಷ್ಟು ಬಯಲು, ಅರ್ಧದಷ್ಟು ಪಟ್ಟಿ ಇರಬೇಕು. ಪೂರ್ತಿ ಮುಚ್ಚಿದ ಗೋಡೆಯ ಹಿಂದೆ ದಿಬ್ಬ ಗಿಡ್ಡವಾಗಿ ಬೇಗ ತುಂಬಿಹೋಗುತ್ತದೆ, ಹಿಡಿಯುವ ಹಿಮ ಕಡಿಮೆ. ಬೇಲಿಯ ಅಡಿಯಲ್ಲಿ ಎತ್ತರದ ಹತ್ತನೇ ಒಂದು ಪಾಲಿಗೂ ಸ್ವಲ್ಪ ಹೆಚ್ಚು ಸಂದು ಬಿಡಬೇಕು, ಇಲ್ಲದಿದ್ದರೆ ಬೇಲಿಯೇ ಹೂತುಹೋಗುತ್ತದೆ. ಹಿಂದಿನ ದಿಬ್ಬ ಬೇಲಿಯ ಎತ್ತರದ 30ರಿಂದ 35 ಪಟ್ಟು ಉದ್ದ ಚಾಚಬಹುದು. ಎರಡು ಮೀಟರ್ ಬೇಲಿಯಾದರೆ ರಸ್ತೆಯಿಂದ 70 ಮೀಟರ್ ದೂರ ಬೇಕು. ಜಾಗದ ಆಸೆಗೆ 20 ಮೀಟರ್‌ಗೆ ತಂದು ನೆಟ್ಟರೆ ದಿಬ್ಬ ನೇರವಾಗಿ ರಸ್ತೆಯ ಮೇಲೆಯೇ ಬೆಳೆಯುತ್ತದೆ, ಬೇಲಿ ಹಾಕದೇ ಇದ್ದಿದ್ದರೇ ವಾಸಿ ಎನ್ನುವ ಹಾಗೆ.

ಗಾಳಿ ಯಾವ ದಿಕ್ಕಿನದು ಎಂದು ತಿಳಿಯಲು ಏಣಿನ ಮೇಲಿನ ಬೇಲಿಗೂಟವನ್ನು ಹತ್ತಿರದಿಂದ ನೋಡಿ. ಸೊನ್ನೆಗಿಂತ ಕೆಳಗಿದ್ದರೂ ಇನ್ನೂ ನೀರಾಗಿಯೇ ಉಳಿದ ಮೋಡದ ಹನಿಗಳು ಗೂಟಕ್ಕೆ ತಾಗಿದ ಕ್ಷಣ ಹೆಪ್ಪುಗಟ್ಟುತ್ತವೆ. ಹನಿ ಬಂದು ತಾಗುವುದು ಗಾಳಿಯ ಎದುರು ಬದಿಗೇ ಆದ್ದರಿಂದ ಬಿಳಿಯ ಗರಿಗಳು ಗಾಳಿಯ ಮುಖಕ್ಕೆ ಬೆಳೆಯುತ್ತವೆ. ಬಾವುಟದ ಹಾಗೆ ಗಾಳಿ ಹೋದ ಕಡೆ ಚಾಚಿವೆ ಎಂದು ಓದಿದರೆ ದಿಕ್ಕು ಪೂರ್ತಿ ಉಲ್ಟಾ ಆಗುತ್ತದೆ. ಇದಕ್ಕೆ ರೈಮ್ ಎನ್ನುತ್ತಾರೆ. ಕಣಿವೆಯ ತಳದಲ್ಲಿ, ಗಾಳಿಯಾಡದ ರಾತ್ರಿ, ಹುಲ್ಲಿನ ಮೇಲೆ ಮೂಡುವ ಹರಳುಗಳ ಜಾತಿ ಬೇರೆ. ಅವು ಆವಿಯಿಂದ ನೇರವಾಗಿ ಮಂಜುಗಡ್ಡೆಯಾದವು, ಎಲ್ಲ ದಿಕ್ಕಿಗೂ ಸಮನಾಗಿ ಬೆಳೆಯುತ್ತವೆ, ಊದಿದರೆ ಉದುರುತ್ತವೆ. ಹೀಗೆ ಒಂದೇ ಬೆಳಿಗ್ಗೆ ಮೇಲೆ ಮೋಡ, ಗಾಳಿ ಇದ್ದದ್ದೂ ಕೆಳಗೆ ತಿಳಿಯಾಗಿ ನಿಶ್ಚಲವಾಗಿ ಇದ್ದದ್ದೂ ಬೇಲಿಗೂಟ, ಹುಲ್ಲುಗಳಲ್ಲೇ ಬರೆದಿರುತ್ತದೆ.

ಮಾಡಿನ ಮೇಲೆ 24 ಟನ್

ಹಿಮದ ದಪ್ಪ ನೋಡಿ ತೂಕ ಅಂದಾಜು ಮಾಡುವುದು ಮೋಸ. ಆಗತಾನೆ ಬಿದ್ದ ಒಣ ಹಿಮ ಘನ ಮೀಟರಿಗೆ 50ರಿಂದ 100 ಕಿಲೋ. ಕುಸಿದು ಕೂತದ್ದು 200ರಿಂದ 300. ನೀರು ಕುಡಿದ ಹಳೆಯ ಹಿಮ 400 ದಾಟುತ್ತದೆ. 10 ಮೀಟರ್ ಉದ್ದ, 8 ಮೀಟರ್ ಅಗಲದ ನೆಲವನ್ನು ಮುಚ್ಚಿದ ಮಾಡಿನ ಮೇಲೆ ಒಂದು ಮೀಟರ್ ಹೊಸ ಹಿಮವಿದ್ದರೆ ನಾಲ್ಕರಿಂದ ಎಂಟು ಟನ್. ಅದೇ ಒಂದು ಮೀಟರ್ 300 ಕಿಲೋದ ಹಿಮವಾದರೆ 24 ಟನ್. ಅದರ ಮೇಲೆ 25 ಮಿಲಿಮೀಟರ್ ಮಳೆ ಬಂದು ಹಿಮ ಅದನ್ನು ಹೀರಿಕೊಂಡರೆ ದಪ್ಪ ಹೆಚ್ಚದೆಯೇ ಇನ್ನೂ ಎರಡು ಟನ್ ಕೂಡುತ್ತದೆ. ಮಾಡುಗಳು ಕುಸಿಯುವ ದೊಡ್ಡ ಅಪಾಯ ಹಿಮ ಸುರಿಯುವ ರಾತ್ರಿಗಿಂತ, ಕೆಲವು ದಿನ ಬಿಟ್ಟು ಬರುವ ಬೆಚ್ಚನೆ ಮಳೆಯ ದಿನಕ್ಕೆ ಹೆಚ್ಚು. ತೊಲೆ ಲಟಲಟ ಎನ್ನುವುದು, ಸರಾಗವಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಕಚ್ಚಿಕೊಳ್ಳುವುದು, ಗೋಡೆಯ ಗಾರೆಯಲ್ಲಿ ಹೊಸ ಬಿರುಕು, ಇವು ಮುನ್ಸೂಚನೆಗಳು. ಆಗ ಮಾಡು ಹತ್ತುವ ಸಾಹಸ ಬೇಡ. ಮೊದಲು ಮನೆಯಿಂದ ಹೊರಬರಬೇಕು. ಸಾಮಾನ್ಯ ದಿನಗಳಲ್ಲಿ ಹಿಮ ಇಳಿಸುವಾಗಲೂ ಎರಡೂ ಬದಿಯಿಂದ ಸಮನಾಗಿ ಇಳಿಸಬೇಕು. ಒಂದು ಬದಿ ಪೂರ್ತಿ ಬೋಳು ಮಾಡಿ ಇನ್ನೊಂದು ಬದಿ ಹೊರೆ ಬಿಟ್ಟರೆ ತೊಲೆಗಳು ಓರೆಯಾಗಿ ಒತ್ತಡಕ್ಕೆ ಸಿಗುತ್ತವೆ.

ಮಾಡಿನ ಓರೆಯ ವಿಷಯದಲ್ಲಿ ಬೆಟ್ಟನಾಡುಗಳಲ್ಲಿ ಎರಡು ಪಂಥಗಳಿವೆ. ಒಂದು, ಹಿಮ ನಿಲ್ಲಲೇಬಾರದು ಎನ್ನುವುದು. ಜಪಾನಿನ ಶಿರಕಾವಾಗೋದ ಹುಲ್ಲುಹೊದಿಕೆಯ ಮನೆಗಳ ಮಾಡು ಸುಮಾರು 60 ಡಿಗ್ರಿ ಕಡಿದಾಗಿದೆ. ಮಾಡಿನ ನೆತ್ತಿ ಉತ್ತರ ದಕ್ಷಿಣವಾಗಿ ಚಾಚಿರುವುದರಿಂದ ಎರಡೂ ಬದಿಗೆ ಬಿಸಿಲು ಸಮನಾಗಿ ಬಿದ್ದು ಹುಲ್ಲು ಒಣಗುತ್ತದೆ. ಇನ್ನೊಂದು, ಹಿಮ ಅಲ್ಲೇ ಇರಲಿ ಎನ್ನುವುದು. ಆಲ್ಪ್ಸ್‌ನ ಹಳೆಯ ಮನೆಗಳಲ್ಲಿ ಮರದ ಹಲಗೆಚೂರು ಹೊದಿಸಿ ಮೇಲೆ ಕಲ್ಲು ಹೇರಿದ, ಓರೆ ಕಡಿಮೆಯ ಮಾಡುಗಳೇ ಹೆಚ್ಚು. ಅಲ್ಲಿ ಹಿಮವೇ ಕಂಬಳಿ. ಅದನ್ನು ಹೊರುವಷ್ಟು ದಪ್ಪ ತೊಲೆ ಇದ್ದರೆ ಈ ಎರಡನೆಯ ಉಪಾಯ ನಿಜಕ್ಕೂ ಜಾಣತನದ್ದು. ಇವೆರಡರ ನಡುವಿನ ಮಾಡು ಮಾತ್ರ ತಲೆನೋವು: ಹಿಮ ವಾರಗಟ್ಟಲೆ ಕೂತು, ಯಾರೂ ನೆನೆಯದ ಹೊತ್ತಿಗೆ ಒಟ್ಟಿಗೇ ಜಾರಿ ಬಾಗಿಲ ಮುಂದೆ ಬೀಳುತ್ತದೆ.

ಸೂರಿನಲ್ಲಿ ಸಾಲಾಗಿ ತೂಗುವ ಮಂಜುಗಡ್ಡೆಯ ಕೋಲುಗಳು ಚಿತ್ರಕ್ಕೆ ಚೆಂದ, ಮನೆಗೆ ಅಲ್ಲ. ಒಳಗಿನ ಶಾಖ ಅಟ್ಟದ ಮೂಲಕ ಸೋರಿ ಮಾಡಿನ ನಡುಭಾಗವನ್ನು ಬೆಚ್ಚಗಾಗಿಸುತ್ತದೆ. ಹಿಮದ ಅಡಿ ಪದರ ಕರಗಿ ನೀರು ಕೆಳಕ್ಕೆ ಹರಿಯುತ್ತದೆ. ಗೋಡೆಯಾಚೆ ಚಾಚಿದ ಸೂರಿನ ಕೆಳಗೆ ಬೆಚ್ಚನೆ ಕೋಣೆಯಿಲ್ಲ. ಅಲ್ಲಿ ನೀರು ಮತ್ತೆ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ. ಹಿಂದೆ ಬಂದ ನೀರು ಕಟ್ಟೆಗೆ ತಡೆದು, ಮೇಲ್ಮುಖವಾಗಿ ಹಂಚಿನ ಸಂದುಗಳಲ್ಲಿ ನುಗ್ಗಿ, ಒಳಗೋಡೆಯಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಕೊಡಲಿ ಹಿಡಿದು ಕಟ್ಟೆ ಒಡೆಯಲು ಹೋದರೆ ಹಂಚು ಒಡೆಯುವುದೇ ಹೆಚ್ಚು. ಮಾಡಬೇಕಾದದ್ದು ಮೂರು: ಅಟ್ಟದ ನೆಲದಲ್ಲಿ ಗಾಳಿ ಸೋರುವ ತೂತುಗಳನ್ನು, ಅದರಲ್ಲೂ ಹೊಗೆಗೂಡು, ದೀಪದ ವೈರು ಹಾದುಹೋಗುವ ಜಾಗಗಳನ್ನು, ಮುಚ್ಚುವುದು, ಅಟ್ಟದ ನೆಲಕ್ಕೆ ಶಾಖ ತಡೆಯುವ ಹಾಸು ಹಾಕುವುದು, ಹೊದಿಕೆಯಡಿಯಲ್ಲಿ ಸೂರಿನಿಂದ ನೆತ್ತಿಯವರೆಗೆ ತಣ್ಣನೆ ಗಾಳಿ ಆಡಲು ದಾರಿ ಬಿಡುವುದು. ಹಿಮ ಬಿದ್ದ ಮರುದಿನ ಊರಿನ ಮಾಡುಗಳನ್ನು ದೂರದಿಂದ ನೋಡಿದರೆ ಯಾವ ಮನೆ ಶಾಖ ಸೋರುತ್ತಿದೆ ಎಂದು ಹೇಳಿಬಿಡಬಹುದು: ಬೇಗ ಬೋಳಾದ ಮಾಡಿನ ಮನೆಯದೇ ಸೌದೆ ಖರ್ಚು ಜಾಸ್ತಿ.

ಊರ ಮೇಲಿನ ಕಾಡು

ಮೇಲಿನ ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಹಿಮಕುಸಿತದ ಚಿಂತೆ ಶುರು. ಅದಕ್ಕಿಂತ ಮೆತ್ತಗಿದ್ದರೆ ಹಿಮ ಸಾಮಾನ್ಯವಾಗಿ ಜಾರುವುದಿಲ್ಲ; ತುಂಬ ಕಡಿದಾಗಿದ್ದರೆ ದೊಡ್ಡದಾಗಿ ಕೂಡುವ ಮೊದಲೇ ಚೂರುಚೂರಾಗಿ ಉದುರಿಹೋಗುತ್ತದೆ. ಊರ ನೆತ್ತಿಯ ಮೇಲೆ ತ್ರಿಕೋನವಾಗಿ ಉಳಿಸಿಕೊಂಡ ಕಾಡಿನ ತುಂಡು ಕಂಡರೆ ಅದು ಸೌಂದರ್ಯಕ್ಕೆ ಬಿಟ್ಟದ್ದಲ್ಲ. ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್‌ನಲ್ಲಿ ಅಂಥ ಕಾಡಿನ ಮರ ಕಡಿಯುವುದನ್ನು 1397ರಲ್ಲೇ ನಿಷೇಧಿಸಿದ್ದರು. ಮರಗಳು ಹಿಮದ ಹಾಸು ಒಂದೇ ಹಲಗೆಯಾಗಿ ಕೂಡದಂತೆ ತಡೆಯುತ್ತವೆ, ಕುಸಿತ ಹುಟ್ಟುವುದನ್ನೇ ತಪ್ಪಿಸುತ್ತವೆ. ಕಾಡಿಗಿಂತ ಎಷ್ಟೋ ಮೇಲೆ ಹುಟ್ಟಿ ವೇಗ ಹಿಡಿದ ಕುಸಿತವನ್ನು ಮಾತ್ರ ಅವು ನಿಲ್ಲಿಸಲಾರವು. ಕಾಡಿನ ನಡುವೆ ಮೇಲಿನಿಂದ ಕೆಳಗೆ ಗೀರಿದ ಹಾಗೆ ಬೋಳು ಪಟ್ಟಿಗಳಿದ್ದು, ಅವುಗಳಲ್ಲಿ ಬಾಗಿದ ಎಳೆಮರಗಳಷ್ಟೇ ಇದ್ದರೆ ಅದು ಕುಸಿತ ಮತ್ತೆ ಮತ್ತೆ ಬರುವ ದಾರಿ. ಡೇರೆ ಹೊಡೆಯಲು ಮಟ್ಟಸ ಜಾಗ ಸಿಕ್ಕಿತೆಂದು ಅದರ ಬಾಯಲ್ಲಿ ಇಳಿದುಕೊಳ್ಳಬೇಡಿ.

ನೆಲದೊಳಗಿನ ಚಳಿ

ಹೆಪ್ಪುಗಟ್ಟಿದ ನೀರು ಸುಮಾರು 9 ಪ್ರತಿಶತ ಹಿಗ್ಗುತ್ತದೆ. ಕೊಳವೆ ಒಡೆಯುವುದು ಮಂಜುಗಡ್ಡೆ ಪಕ್ಕಕ್ಕೆ ಒತ್ತಿದ್ದರಿಂದ ಎಂದೇ ಬಹಳ ಜನ ತಿಳಿದಿರುತ್ತಾರೆ. ಹೆಚ್ಚಿನ ಸಲ ನಡೆಯುವುದು ಬೇರೆ: ಕೊಳವೆಯೊಳಗೆ ಬೆಳೆಯುವ ಗಡ್ಡೆ ತನ್ನ ಮುಂದಿನ ನೀರನ್ನು ಮುಚ್ಚಿದ ನಲ್ಲಿಯತ್ತ ತಳ್ಳುತ್ತದೆ, ಅಲ್ಲಿ ಸಿಕ್ಕಿಬಿದ್ದ ನೀರಿನ ಒತ್ತಡಕ್ಕೆ ಕೊಳವೆ ಬಿರಿಯುತ್ತದೆ. ಅದಕ್ಕೇ ಕಡುಚಳಿಯ ರಾತ್ರಿ ನಲ್ಲಿಯನ್ನು ಹನಿ ಹನಿ ಬಿಡುವುದು. ಒತ್ತಡಕ್ಕೆ ಹೊರದಾರಿ ಸಿಗುತ್ತದೆ. ಹೊಸದಾಗಿ ಕೊಳವೆ ಹೂಳುವವರು ಹಿಮದ ಕಂಬಳಿಯ ವಿಷಯ ಮರೆಯಬಾರದು. ಹೊಲದಡಿಯಲ್ಲಿ ಸುರಕ್ಷಿತವಾಗಿದ್ದ ಅದೇ ಆಳದ ಕೊಳವೆ, ಹಿಮ ಗುಡಿಸಿ ಬೋಳಾಗಿಟ್ಟ ರಸ್ತೆಯಡಿಯಲ್ಲಿ ಹೆಪ್ಪುಗಟ್ಟುತ್ತದೆ. ರಸ್ತೆ ದಾಟುವಲ್ಲಿ ಇನ್ನೂ ಆಳಕ್ಕೆ ಹಾಕಬೇಕು, ಇಲ್ಲವೇ ಸುತ್ತ ಶಾಖ ತಡೆಯುವ ಹೊದಿಕೆ ಕೊಡಬೇಕು.

ಮಣ್ಣು ಉಬ್ಬುವುದು ಇನ್ನೊಂದು ಬಗೆ. ನಯವಾದ ಹೂಳು ಮಣ್ಣು ಅಡಿಯ ತೇವವನ್ನು ಬತ್ತಿಯಂತೆ ಮೇಲಕ್ಕೆ ಎಳೆಯುತ್ತದೆ. ಹೆಪ್ಪುಗಟ್ಟುವ ಮಟ್ಟದಲ್ಲಿ ಆ ನೀರು ಪದರಪದರವಾಗಿ ಮಂಜುಗಡ್ಡೆ ಕಟ್ಟಿ ಮೇಲಿನ ನೆಲವನ್ನು ಎತ್ತುತ್ತದೆ. ಚಳಿ, ನೀರು, ನಯಮಣ್ಣು ಮೂರೂ ಬೇಕು. ಒಂದನ್ನು ತೆಗೆದರೂ ಉಬ್ಬು ನಿಲ್ಲುತ್ತದೆ. ಆದ್ದರಿಂದಲೇ ರಸ್ತೆಯಡಿ, ಅಡಿಪಾಯದಡಿ ದಪ್ಪ ಜಲ್ಲಿ ಹಾಕುವುದು, ನೀರು ಬಸಿಯಲು ಕಾಲುವೆ ತೆಗೆಯುವುದು. ವಸಂತದಲ್ಲಿ ನೆಲ ಮೇಲಿನಿಂದ ಕರಗುತ್ತಾ ಬರುತ್ತದೆ, ಅಡಿ ಇನ್ನೂ ಗಟ್ಟಿಯಾಗಿರುವುದರಿಂದ ಕರಗಿದ ನೀರಿಗೆ ಇಂಗಲು ದಾರಿಯಿಲ್ಲ. ಆ ಕೆಲವು ವಾರ ಮಣ್ಣುರಸ್ತೆ ಕೆಸರುಗುಂಡಿ. ಭಾರದ ಲಾರಿ ಒಂದೇ ಸಲ ಹೋದರೂ ಸಾಕು, ಚಳಿಗಾಲವೆಲ್ಲ ತಡೆದಿದ್ದ ರಸ್ತೆ ಅಂದೇ ಹಾಳು.

ಹೊಲದ ಕಲ್ಲುಗಳನ್ನು ಮೇಲೆತ್ತುವುದೂ ಇದೇ ಉಬ್ಬು. ಕಲ್ಲು ಸುತ್ತಲ ಮಣ್ಣಿಗಿಂತ ಬೇಗ ಶಾಖ ಬಿಡುತ್ತದೆ, ಅದರ ಅಡಿಯಲ್ಲಿ ಗಡ್ಡೆ ಕಟ್ಟಿ ಕಲ್ಲನ್ನು ಒಂದಿಷ್ಟು ಎತ್ತುತ್ತದೆ, ಕರಗುವಾಗ ಅಡಿಯ ಟೊಳ್ಳಿಗೆ ಮಣ್ಣು ಜರಿದು ತುಂಬಿಕೊಳ್ಳುವುದರಿಂದ ಕಲ್ಲು ಹಿಂದಿನ ಜಾಗಕ್ಕೆ ಇಳಿಯುವುದಿಲ್ಲ. ಹೋದ ವರ್ಷ ಆರಿಸಿ ಚೊಕ್ಕ ಮಾಡಿದ ಹೊಲದಲ್ಲಿ ಈ ವರ್ಷ ಮತ್ತೆ ಕಲ್ಲು. ಹೊಲಗಳ ಸುತ್ತ ಪೇರಿಸಿದ ಗೋಡೆಗಳು ಹೀಗೆ ಚಳಿಗಾಲದಿಂದ ಚಳಿಗಾಲಕ್ಕೆ ಎದ್ದುಬಂದ ಕಲ್ಲುಗಳಿಂದಲೇ ಬೆಳೆದವು. ಅಂಥ ಗೋಡೆಯೊಂದು ಇಳಿಜಾರಿಗೆ ಅಡ್ಡವಾಗಿದ್ದರೆ, ಬೆಳಗಿನ ಜಾವ ಅದರ ಮೇಲ್ಬದಿಗೆ ಹೋಗಿ ನೋಡಿ. ತಗ್ಗಿನ ಮೂಲೆಯಲ್ಲಿ ಕಂಡಿ ಬಿಟ್ಟಿದ್ದರೆ ಗೋಡೆಯುದ್ದಕ್ಕೂ ಹುಲ್ಲಿನ ಮೇಲೆ ಹರಳು ತೆಳ್ಳಗಿರುತ್ತದೆ. ಬಿಟ್ಟಿರದಿದ್ದರೆ ಗೋಡೆಯ ಹಿಂದೆ ಹುಲ್ಲು ದಟ್ಟಬಿಳಿ, ಆ ಬಿಳಿಯ ಅಂಚು ಚಳಿ ರಾತ್ರಿ ಎಲ್ಲಿಯವರೆಗೆ ತುಂಬಿ ನಿಂತಿತ್ತು ಎನ್ನುವುದನ್ನು ಗೆರೆ ಎಳೆದು ತೋರಿಸುತ್ತದೆ.